ಕೈ ಎತ್ತಿ ನಿಂತ ಕಳ್ಳಿ

ರಜೆ ಬಂತೆಂದರೆ ನಮ್ಮ ಓಣಿಯ ಮಕ್ಕಳಿಗೆ ಮೊಬೈಲೇ ಡ್ರಾಯಿಂಗ್ ಮೇಷ್ಟ್ರು. ಈ ವಾರ ಪಕ್ಕದ ಮನೆಯ ಹುಡುಗ ಕಟ್ಟೆಯ ಮೇಲೆ ಬೋರಲು ಮಲಗಿ ಮೆಕ್ಸಿಕೋ ದೇಶದ ಹಬ್ಬದ ಚಿತ್ರ ಬಿಡಿಸುತ್ತಿದ್ದ. ಮೊದಲು ಉದ್ದನೆಯ ಸೊನ್ನೆ, ಅದರ ನೆತ್ತಿಗೊಂದು ಗುಡ್ಡ, ಅಂಚಿಗೆ ಅಂಕುಡೊಂಕು ಗೆರೆ. ಅಗಲ ಅಂಚಿನ ಟೋಪಿ ತಯಾರು. ಆಮೇಲೆ ಗಿಟಾರು, ಕೆಂಪು ಮೆಣಸಿನಕಾಯಿ, ಕಡೆಗೆ ಕಳ್ಳಿ ಗಿಡ. ಕಂಬದ ಹಾಗೆ ನೆಟ್ಟಗೆ ನಿಂತು, ಎರಡೂ ಕೈ ಮೇಲೆತ್ತಿದ ಕಳ್ಳಿ.

ಜೋಳ ಹಸನು ಮಾಡುತ್ತಿದ್ದ ಅವನ ಅಜ್ಜಿ ಬಗ್ಗಿ ನೋಡಿದರು. “ಏನಲೇ ಇದು, ಕೈ ಎತ್ತಿಕೊಂಡು ನಿಂತೈತಿ?”

“ಕಳ್ಳಿ, ಅಜ್ಜಿ.”

“ಕಳ್ಳಿ ಹಿಂಗ ಇರತೈತೇನು? ಹಿತ್ತಲದಾಗ ಐತಲ್ಲ, ನೋಡಿ ಬರಿ.”

“ಅದು ನಮ್ಮೂರಿಂದು ಅಜ್ಜಿ. ಇದು ಮೆಕ್ಸಿಕೋದ್ದು.”

ನನಗೆ ನಗು ಬಂತು. ಹಿತ್ತಲಲ್ಲಿದ್ದದ್ದು ಡಬ್ಬಗಳ್ಳಿ. ಮೆಕ್ಸಿಕೋ ದೇಶದ ಬಾವುಟದ ನಡುವೆ ಹಾವು ಕಚ್ಚಿಕೊಂಡ ಹದ್ದೊಂದು ಕಳ್ಳಿಯ ಮೇಲೆ ಕೂತಿದೆ. ಆ ಕಳ್ಳಿ ನಮ್ಮ ಡಬ್ಬಗಳ್ಳಿಯ ಖಾಸಾ ಬಳಗದ್ದು. ಕೈ ಎತ್ತಿದ ಕಳ್ಳಿಯೂ ಆ ದೇಶದಲ್ಲಿ ಇಲ್ಲದೆ ಇಲ್ಲ, ಆದರೆ ಅದು ಬೆಳೆಯುವುದು ಉತ್ತರದ ಮರುಭೂಮಿಯ ಕಡೆ. ಮೆಕ್ಸಿಕೋದ ಜನ ಮುಳ್ಳು ಕೆರೆದು ಪಲ್ಯ ಮಾಡಿ ತಿನ್ನುವುದು, ಹಣ್ಣು ಕೊಯ್ದು ಸಂತೆಗೆ ತರುವುದು ಅಂಗೈ ಅಗಲದ ಈ ಡಬ್ಬಗಳ್ಳಿಯನ್ನೇ.

ಅದು ನಮ್ಮ ಹಿತ್ತಲಿಗೆ ಹೇಗೆ ಬಂತು ಎನ್ನುವುದೂ ಒಂದು ಕಥೆ. ಮೆಕ್ಸಿಕೋದ ರೈತರು ಈ ಕಳ್ಳಿಯ ಮೇಲೆ ಒಂದು ಸಣ್ಣ ಹುಳು ಸಾಕುತ್ತಿದ್ದರು. ಒಣಗಿಸಿ ಅರೆದರೆ ಕಡುಗೆಂಪು ಬಣ್ಣ. ಆ ಬಣ್ಣ ಮಾರಿ ಸ್ಪೇನಿನವರು ಕೊಬ್ಬಿದ್ದನ್ನು ನೋಡಿ ಇಂಗ್ಲಿಷರ ಕಂಪನಿಗೂ ಆಸೆಯಾಯಿತು. ಮದರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಡಾಕ್ಟರು ಕಳ್ಳಿಗೆಂದೇ ತೋಟ ಮಾಡಿದ. 1795ರಲ್ಲಿ ಹಡಗಿನಲ್ಲಿ ಹುಳುವೂ ಬಂತು. ಆದರೆ ಬಂದದ್ದು ಬೇರೆ ಜಾತಿಯ ಹುಳು. ಅದರ ಬಣ್ಣ ಹೇಳಿಕೊಳ್ಳುವಂತಿರಲಿಲ್ಲ. ವ್ಯಾಪಾರ ಕೈಕೊಟ್ಟಿತು, ಕಳ್ಳಿ ಮಾತ್ರ ಬಿಡಲಿಲ್ಲ. ಹೊಲದ ಬದು, ಹಳ್ಳದ ದಂಡೆ, ಊರ ಹೊರಗಿನ ಬಯಲು, ಎಲ್ಲೆಂದರಲ್ಲಿ ಹಬ್ಬಿತು. ಹಾವಳಿ ತಡೆಯಲಾರದೆ 1926ರಲ್ಲಿ ಸಿಂಹಳದಿಂದ ಅದೇ ಬಳಗದ ಇನ್ನೊಂದು ಹುಳು ತಂದು ಬಿಟ್ಟರು. ಅದು ಮೇಯ್ದು ಉಳಿಸಿದ್ದೇ ಈಗ ಕೂಡ್ಲಿಗಿ ಸೀಮೆಯ ಬದುಗಳಲ್ಲಿ ಅಲ್ಲೊಂದು ಇಲ್ಲೊಂದು ಮೆಳೆಯಾಗಿ ಕಾಣುವುದು.

ಆ ಹುಡುಗನಿಗೆ ಡಬ್ಬಗಳ್ಳಿ ಗೊತ್ತಿಲ್ಲವೆಂದಲ್ಲ. ಹಣ್ಣನ್ನು ಕಡ್ಡಿಯಿಂದ ಕೆಡವಿ, ಮರಳಲ್ಲಿ ಹೊರಳಾಡಿಸಿ, ಕಣ್ಣಿಗೆ ಕಾಣದ ಮುಳ್ಳು ಉದುರಿಸಿ, ಸೀಳಿ ತಿಂದು, ನಾಲಿಗೆ ಕೆಂಪಾಯಿತೇ ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಗುಂಪಿನಲ್ಲಿ ಅವನೂ ಒಬ್ಬ. ಒಂದು ಹಾಳೆಯ ಅಂಚಿನಿಂದ ಇನ್ನೊಂದು ಹಾಳೆ ಹೇಗೆ ಚಿಗುರುತ್ತದೆ, ಹಳದಿ ಹೂವು ಎಲ್ಲಿ ಕೂರುತ್ತದೆ, ಎಲ್ಲ ಅವನ ಬೆರಳಿಗೆ ಗೊತ್ತು. ಆದರೆ ಪೆನ್ಸಿಲ್ ಹಿಡಿದಾಗ ಆ ಬೆರಳು ಸುಮ್ಮನಾಗಿಬಿಡುತ್ತದೆ, ಮೊಬೈಲ್ ಹೇಳಿದ್ದನ್ನಷ್ಟೇ ಕೇಳುತ್ತದೆ.

ಹಾಗೆಂದು ಮೊಬೈಲನ್ನು ಬೈಯಲಾರೆ. ನಾವೇನು ಮಾಡಿದ್ದೆವು? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಹೊಳೆಯಲ್ಲಿ ದೋಣಿ. ದೋಣಿ ಹತ್ತುವುದಿರಲಿ, ಕಣ್ಣಾರೆ ಕಾಣದ ಮಕ್ಕಳೂ ತಪ್ಪದೆ ದೋಣಿ ಬರೆದೆವು, ಮೇಷ್ಟ್ರು ರೈಟ್ ಹಾಕಿದರು.

ಆ ಹುಡುಗನ ಹಾಳೆಯಲ್ಲಿ ನಕ್ಷತ್ರದಂಥ ಇನ್ನೊಂದು ಆಕಾರವಿತ್ತು. ಪಿನ್ಯಾಟ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಒಳಗೊಂದು ಮಣ್ಣಿನ ಗಡಿಗೆ, ಅದಕ್ಕೆ ಏಳು ಮೂಲೆ ಕಟ್ಟಿ, ಮೇಲೆಲ್ಲ ಬಣ್ಣದ ಕಾಗದ ಅಂಟಿಸಿ, ಹೊಟ್ಟೆಯಲ್ಲಿ ಮಿಠಾಯಿ ತುಂಬಿ ತೂಗುಬಿಡುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಕೋಲು ಬೀಸಬೇಕು. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ದಿನ, ಡಿಸೆಂಬರ್ 16ರಿಂದ 24ರವರೆಗೆ, ಇದರ ಸಂಭ್ರಮ. ನಾಗರ ಪಂಚಮಿಯಲ್ಲಿ ಕಣ್ಣು ಕಟ್ಟಿಕೊಂಡು ಗಡಿಗೆ ಒಡೆಯಲು ಹೋಗಿ ಪಕ್ಕದವನ ಬೆನ್ನಿಗೆ ಬಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಳು ಕಾಗದವನ್ನು ಕಂತೆ ಮಾಡಿ, ಉಳಿಯಿಂದ ಹೂಬಳ್ಳಿ ಕೊರೆದು ಬೀದಿಗೆ ಅಡ್ಡಲಾಗಿ ಕಟ್ಟುವುದೂ ಅಲ್ಲಿದೆ. ಕೊಟ್ಟೂರಿನ ತೇರಿಗೆ ನಮ್ಮಲ್ಲಿ ಪರಪರಿ ಕಟ್ಟುವುದಿಲ್ಲವೇ, ಹಾಗೆ.

ಮತ್ತೆ ನವೆಂಬರ್ 1 ಮತ್ತು 2. ಆ ಎರಡು ದಿನ ಮೆಕ್ಸಿಕೋದವರು ತೀರಿಹೋದವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಮುಂದಿಟ್ಟು, ಚೆಂಡುಹೂವು ಸುರಿಯುತ್ತಾರೆ. ನಮ್ಮ ಹಿರಿಯರ ಹಬ್ಬದ ಎಡೆಯನ್ನು ನೋಡಿ ಬರೆದರೆ ಅದೇ ಚಿತ್ರ. ಚೆಂಡುಹೂವಿನ ತವರೂ ಅದೇ ದೇಶ, ಪೋರ್ಚುಗೀಸರ ಹಡಗಿನಲ್ಲಿ ಬಂತು ಎನ್ನುತ್ತಾರೆ. ಎಡೆಯ ಪಲ್ಯಕ್ಕೆ ಬಿದ್ದ ಮೆಣಸಿನಕಾಯಿಯೂ ಅಲ್ಲಿಯದೇ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಮಳೆ ಬಿದ್ದರೆ ಸಾಕು ಬಿತ್ತುವ ಮೆಕ್ಕೆಜೋಳವನ್ನು ಸಾವಿರಾರು ವರ್ಷ ಹಿಂದೆ ಪಳಗಿಸಿದವರೂ ಅವರೇ. ಬೇಸಿಗೆ ಶಿಬಿರ ನಡೆಸುವ ಮೇಷ್ಟ್ರುಗಳು ಮೆಕ್ಸಿಕೋ ಬರೆಸಬೇಕೆಂದರೆ ಒಂದು ಸಲ ಮಕ್ಕಳನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗಬಹುದು. ಟೋಪಿ ಒಂದನ್ನು ಮೊಬೈಲಿನಲ್ಲೇ ನೋಡಲಿ.

ಟೋಪಿ ಎಂದಾಗ ಇನ್ನೊಂದು ಯೋಚನೆ ಬಂತು. ಮೆಕ್ಸಿಕೋದ ಮೇಷ್ಟ್ರೊಬ್ಬರು ಮಕ್ಕಳಿಗೆ ಹೂವಿನಹಡಗಲಿ ಸೀಮೆಯ ಹಬ್ಬ ಬರೆಸಲು ಕೂತರು ಎನ್ನಿ. ಮೈಲಾರದ ಗೊರವಯ್ಯನ ಕರಡಿಕೂದಲಿನ ಟೊಪ್ಪಿಗೆ, ಕರಿ ಕಂಬಳಿ, ಡಮರುಗ, ಮಲ್ಲಿಗೆ ಮಾಲೆ, ಕಾರಣಿಕದ ಬಿಲ್ಲು. ನಾವೆಲ್ಲ ದಿನವೂ ಆ ಟೊಪ್ಪಿಗೆ ಹಾಕಿಕೊಂಡೇ ಸಂತೆಗೆ ಹೋಗುತ್ತೇವೆಂದು ಆ ಮಕ್ಕಳು ತಿಳಿದಾರು. ಅವರಲ್ಲೊಬ್ಬ ಹುಡುಗಿ ಬಿಲ್ಲಿಗೆ ತಪ್ಪದೆ ಒಂದು ಬಾಣ ಹೂಡಿಬಿಡುತ್ತಾಳೆ. ಗೊರವಯ್ಯ ಆ ಬಿಲ್ಲನ್ನು ಏರಿ ನಿಂತು ಭವಿಷ್ಯ ನುಡಿಯುತ್ತಾನೆ, ಬಾಣಕ್ಕೆ ಅಲ್ಲಿ ಕೆಲಸವಿಲ್ಲ ಎಂದು ಅವಳ ಅಜ್ಜಿಗಾದರೂ ಹೇಗೆ ಗೊತ್ತಾಗಬೇಕು?