ತೆಳು ತಗಡಿಗೆ ಯಾವ ವೆಲ್ಡಿಂಗ್?



ನಾವು ವೆಲ್ಡಿಂಗ್ ಕೆಲಸದವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲ ಕಡೆಯೂ ನಮ್ಮಂಥವರು ಇದ್ದೇವೆ. ಟ್ರ್ಯಾಕ್ಟರ್ ಟ್ರೈಲರ್, ನೇಗಿಲು, ಗೇಟು ಬೆಸೆಯುತ್ತೇವೆ. ಶಿರಾ ಮೇಲೆ ಬೆಂಗಳೂರು–ಪುಣೆ ಹೆದ್ದಾರಿ ಹೋಗುತ್ತದೆ. ಹಾಗಾಗಿ ಕಾರುಗಳೂ ರಿಪೇರಿಗೆ ಬರುತ್ತವೆ.

ಒಂದು ಸಲ ಒಂದು ಕಾರು ಬಂತು. ಬಾಗಿಲ ಅಡಿಯನ್ನು ತುಕ್ಕು ತಿಂದಿತ್ತು. ಟ್ರೈಲರ್ ಬೆಸೆಯುವ ಕಡ್ಡಿಯನ್ನೇ ಹಿಡಿದೆವು. ಚಟ್ ಅಂತ ತೂತು ಬಿತ್ತು! ಮುಚ್ಚಲು ಹೋದರೆ ತೂತು ಇನ್ನೂ ದೊಡ್ಡದಾಯಿತು. ಕೂಲಿಯೂ ಹೋಯಿತು. ಬಾಗಿಲ ದುಡ್ಡೂ ನಮ್ಮ ತಲೆಗೇ ಬಂತು.

ತಪ್ಪು ಎಲ್ಲಿ? ನಾವು ತಗಡಿನ ದಪ್ಪ ನೋಡಲಿಲ್ಲ. ಕಾರಿನ ತಗಡು ಸುಮಾರು 0.7ರಿಂದ 0.8 ಮಿಲಿಮೀಟರ್. ಅಂದರೆ 22 ಗೇಜಿನ ಹತ್ತಿರ. ಗೇಜ್ ಅಂಕೆ ಹೆಚ್ಚಾದಷ್ಟೂ ತಗಡು ತೆಳು. ನಮ್ಮ ಕಡ್ಡಿ 3.15 ಮಿಲಿಮೀಟರ್. ತಗಡಿಗಿಂತ ನಾಲ್ಕು ಪಟ್ಟು ದಪ್ಪ! ಕಡ್ಡಿಯ ಡಬ್ಬದ ಮೇಲೆ ಅಂಕೆ ಇತ್ತು. ಆಗ ನಮಗೆ ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ.

ಈಗ ಮೂರು ವಿಧಾನ ನೋಡೋಣ.

ಆರ್ಕ್ ವೆಲ್ಡಿಂಗ್: ಕಾವು ಜೋರು. ಟ್ರೈಲರ್‌ಗೆ ಸರಿ. ಕಾರಿನ ತಗಡಿಗೆ ಬೇಡ.

ಗ್ಯಾಸ್ ವೆಲ್ಡಿಂಗ್: ತೂತು ಕಡಿಮೆ. ಆದರೆ ಕಾವು ಸುತ್ತಲೂ ಹರಡುತ್ತದೆ. ತಗಡು ಕರಿದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕೈ ಪಳಗಿದವರು ಮಾತ್ರ ಮಾಡಬಹುದು.

ಸಿಓಟು ವೆಲ್ಡಿಂಗ್: ಇದನ್ನು ಮಿಗ್ ಅಂತಲೂ ಕರೆಯುತ್ತಾರೆ. 0.6 ಅಥವಾ 0.8 ಮಿಲಿಮೀಟರ್ ತಂತಿ ತಾನಾಗಿ ಬರುತ್ತದೆ. ಕಾವು ಒಂದೇ ಕಡೆ ನಿಲ್ಲುತ್ತದೆ. ಕಾರಿನ ತಗಡಿಗೆ ಇದೇ ಒಳ್ಳೆಯದು. ಮಿಷನ್ ಬೆಲೆ ಜಾಸ್ತಿ, ನಿಜ. ಇಲ್ಲದಿದ್ದರೆ ಇರುವವರ ಹತ್ತಿರ ಕಳಿಸಿ. ಕೆಲಸ ಕೆಡಿಸುವುದಕ್ಕಿಂತ ಅದು ಮೇಲು.

ಮಾಡುವುದು ಹೇಗೆ? ಮೊದಲು ಬಣ್ಣ, ತುಕ್ಕು ಕೆರೆಯಿರಿ. ಉದ್ದಕ್ಕೆ ಗೆರೆ ಎಳೆಯಬೇಡಿ. ಈ ತುದಿಗೆ ಒಂದು ಚುಕ್ಕೆ, ಆ ತುದಿಗೆ ಒಂದು ಚುಕ್ಕೆ ಇಡಿ. ಆರಲು ಬಿಡಿ. ಆಮೇಲೆ ನಡುವೆ ಇಡಿ. ಗಾಳಿ ಬೀಸುವ ಕಡೆ ಮಾಡಬೇಡಿ. ಗಾಳಿಗೆ ಗ್ಯಾಸ್ ಹಾರಿಹೋಗುತ್ತದೆ, ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ.

ಜೀವವೂ ಮುಖ್ಯ ಅಲ್ಲವಾ? ಬ್ಯಾಟರಿ ವೈರ್ ಬಿಚ್ಚಿ. ಸೀಟು ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಹತ್ತಿರ ಕಿಡಿ ಹಾರಿಸಬೇಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಕಪ್ಪು ಗಾಜಿನ ಮುಖವಾಡ ಹಾಕಿ. ಸತು ಬಳಿದ ತಗಡಿನ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಅಂಥ ಕೆಲಸಕ್ಕೆ ಬಾಗಿಲು, ಕಿಟಕಿ ತೆರೆದಿರಲಿ. ಹೊಗೆಗೆ ಮುಖ ಕೊಡಬೇಡಿ.

ಅಂಕೆ ಓದಿ. ದಪ್ಪ ನೋಡಿ. ಆಮೇಲೆ ಕಾವು ಕೊಡಿ.