ಕೈ ಜೋಮು ಹಿಡಿದರೆ ವಾಯು ಅಂತ ಸುಮ್ಮನಿರಬೇಡಿ
(ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಲೆಕ್ಕಪತ್ರವನ್ನು ಕಾರ್ಯದರ್ಶಿಯವರು ಓದಿದ್ದಾರೆ. ನಮ್ಮದು ಬೇರೆ ಲೆಕ್ಕ. ಸಾಲದ ಪತ್ರಕ್ಕೆ ರುಜು ಹಾಕುವಾಗ ಪೆನ್ನು ಜಾರುವ ಹಿರಿಯರನ್ನು ನಾವು ಬಹಳ ಕಂಡಿದ್ದೇವೆ. ಕೇಳಿದರೆ "ಕೈ ಜೋಮು ಕಣಪ್ಪಾ, ವಾಯು ಇರಬೇಕು" ಅಂತಾರೆ. ಆದರೆ ಎಲ್ಲ ಜೋಮಿಗೂ ಕಾರಣ ಒಂದೇ ಅಲ್ಲ.

ಒಂದು ದಿನ ಬೆಳಗ್ಗೆ ನಮ್ಮ ದೊಡ್ಡಪ್ಪನವರ ಕೈಯಿಂದ ಚೊಂಬು ಬಿತ್ತು, ಮಾತು ತೊದಲಿತು. ನಾವು ಎಣ್ಣೆ ತಿಕ್ಕುತ್ತಾ ಕೂತೆವು. ಆಸ್ಪತ್ರೆಗೆ ಹೋದದ್ದು ಮಾರನೇ ದಿನ. ಅದು ಲಕ್ವ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಆ ಕೈ ಮತ್ತೆ ಕುಂಟೆ ಹಿಡಿಯಲಿಲ್ಲ. ತಪ್ಪು ನಮ್ಮದೇ.

ಆದ್ದರಿಂದ ಕೈ ಏಕಾಏಕಿ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹತ್ತು ನಿಮಿಷಕ್ಕೆ ತಾನೇ ಸರಿಹೋದರೂ ಹೋಗಲೇಬೇಕು. ಚಳ್ಳಕೆರೆಯವರಿಗೆ ಚಿತ್ರದುರ್ಗ ಹತ್ತಿರ, ಮೊಳಕಾಲ್ಮೂರಿನವರಿಗೆ ಬಳ್ಳಾರಿ. ರಾತ್ರಿಯೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ತೋಳು ಭಾರವಾಗಿ ಜೊತೆಗೆ ಎದೆ ಬಿಗಿದು ಬೆವರು ಬಂದರೆ ಅದು ಹೃದಯದ್ದಿರಬಹುದು. ಅದಕ್ಕೂ ಇದೇ ಅವಸರ.

ಇನ್ನು ನಿಧಾನವಾಗಿ ಬರುವ ಜೋಮು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರಂತೆ ದಿನವೆಲ್ಲ ಕೈ ಆಡಿಸುವವರಿಗೆ ರಾತ್ರಿ ಹೆಬ್ಬೆರಳಿನಿಂದ ನಡುಬೆರಳವರೆಗೆ ಜುಮ್ಮೆಂದು, ಕೈ ಕೊಡವಿದರೆ ಕಡಿಮೆಯಾದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಕಿರುಬೆರಳಿನ ಕಡೆಯಾದರೆ ಮೊಣಕೈಯಲ್ಲಿ ಒತ್ತಿರಬಹುದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಮೂಟೆ ಹೊತ್ತು ವಯಸ್ಸಾದವರಿಗೆ ಕತ್ತು ತಿರುಗಿಸಿದಾಗ ನೋವು ತೋಳಿಗೆ ಇಳಿದರೆ ಕತ್ತಿನ ಮೂಳೆ ಸವೆದಿರಬಹುದು. ಅಂಗಿ ಗುಂಡಿ ಹಾಕಲು ಬಾರದೆ ನಡಿಗೆಯೂ ತೂರಾಡಿದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಶುರುವಾಗಿ ಆಮೇಲೆ ಕೈಗೆ ಬರುತ್ತದೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠವೇ ಎಂದು ತೋರಿಸಿಕೊಳ್ಳಿ. ನಾಚಿಕೆ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ವಾಸಿಯಾಗುತ್ತದೆ.

ಡಾಕ್ಟರ ಮುಂದೆ ಬರೀ "ಕೈ ನೋವು" ಅನ್ನಬೇಡಿ. ಯಾವಾಗ ಶುರುವಾಯಿತು, ಒಂದು ಕೈಯೋ ಎರಡೋ, ಯಾವ ಬೆರಳು, ಏನು ಮಾಡಿದರೆ ಹೆಚ್ಚುತ್ತದೆ, ಈ ನಾಲ್ಕು ಮಾತು ಹೇಳಿ. ರೋಗ ಹಿಡಿಯಲು ಅರ್ಧ ದಾರಿ ಅದೇ. ಚುಟಿಗೆ ಮಾತ್ರ ಹಾಕಿಸಬೇಡಿ.

ಸಂಘ ಕಟ್ಟಿದ್ದು ಈ ಹಿರಿಯರ ಕೈಗಳು. ಅವನ್ನು ಉಳಿಸಿಕೊಳ್ಳೋಣ ಎಂದು ಹೇಳಿ ಮಾತು ಮುಗಿಸುತ್ತೇವೆ.