ಕೊಟ್ಟಿಗೆಯ ಧನ್ವಂತರಿಗಳು

(ಉತ್ಸವದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈಶ್ವರನ ಗುಡಿಗೆ ಹೋದವರು ಮೊದಲು ಬಸವಣ್ಣನ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಆಮೇಲೆ ಸ್ವಾಮಿಯ ದರ್ಶನ. ಸಂಕ್ರಾಂತಿ ಬಂತೆಂದರೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವಿನ ಹಾರ ಹಾಕಿ ಪೊಂಗಲ್ ತಿನ್ನಿಸುವುದು ಈ ಸೀಮೆಯ ಮನೆಮನೆಯ ಪದ್ಧತಿ. ಇಷ್ಟು ಪೂಜೆ ಪಡೆಯುವ ಗೋಸಂಪತ್ತು ಕಾಯಿಲೆ ಬಿದ್ದಾಗ ಕೊಟ್ಟಿಗೆಯ ಸಗಣಿ ಗಂಜಲದ ನಡುವೆ ಮಂಡಿಯೂರಿ ಕುಳಿತು ಅದನ್ನು ಬದುಕಿಸಿದವರು ಯಾರು ಎಂದು ಕೇಳಿದರೆ ಮಾತ್ರ ಹೆಸರು ಹೇಳುವವರು ಕಡಿಮೆ. ಮನುಷ್ಯರ ವೈದ್ಯರ ಹೆಸರು ಆಸ್ಪತ್ರೆಯ ಗೋಡೆಯ ಮೇಲೆ ಉಳಿಯುತ್ತದೆ. ದನದ ಡಾಕ್ಟರ ಹೆಸರು ಆ ದನದ ಆಯುಸ್ಸಿನೊಡನೆಯೇ ಮರೆತುಹೋಗುತ್ತದೆ. ಹಿಂದಿನ ತಲೆಮಾರುಗಳ ಆ ಪಶುವೈದ್ಯರ ಬಾಳನ್ನು ಸ್ಮರಿಸುವುದೇ ಈ ಹೊತ್ತಿನ ವಿಷಯ.

ಪಶುವೈದ್ಯ ಈ ನಾಡಿಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಕುದುರೆಗಳ ಚಿಕಿತ್ಸೆಗೆ ಶಾಲಿಹೋತ್ರ ಮುನಿ, ಆನೆಗಳ ಚಿಕಿತ್ಸೆಗೆ ಪಾಲಕಾಪ್ಯ ಮುನಿ ಆದಿಗುರುಗಳೆಂದು ಪ್ರಸಿದ್ಧಿ. ಕನ್ನಡದಲ್ಲಿಯೇ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆರಂಭದ ಹೊತ್ತಿಗೆ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಔಷಧವೂ ಉಂಟು, ಮಂತ್ರವೂ ಉಂಟು. ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. ಅರಮನೆಯ ಗ್ರಂಥಗಳ ಮಾತು ಹಾಗಿರಲಿ, ಪ್ರತಿ ಹೋಬಳಿಯಲ್ಲೂ ಒಬ್ಬ ನಾಟಿ ವೈದ್ಯ ಇದ್ದೇ ಇರುತ್ತಿದ್ದ. ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸುವುದು, ಉಳುಕಿದ ಕಾಲಿಗೆ ಪಟ್ಟು ಹಾಕುವುದು, ಅಡ್ಡ ಬಿದ್ದ ಕರುವನ್ನು ತಿರುಗಿಸಿ ಈಯಿಸುವುದು ಅವನಿಗೆ ತಂದೆಯಿಂದ ಬಂದ ವಿದ್ಯೆ. ಅವನ ಕೈಗುಣದಿಂದ ಬದುಕಿದ ದನಗಳಿಗೆ ಲೆಕ್ಕವಿಲ್ಲ. ಆದರೆ ಊರಿಗೆ ಊರೇ ಹಬ್ಬುವ ಅಂಟುಜಾಡ್ಯದ ಮುಂದೆ ಅವನ ಗೊಟ್ಟವೂ ಬರೆಯೂ ಸೋಲುತ್ತಿದ್ದವು.

ಸೇಲಂ, ಧರ್ಮಪುರಿ ಸೀಮೆಗೆ ದನವೆಂದರೆ ಏನಾಗಿತ್ತು ಎಂಬುದನ್ನು ಇಂದಿನ ಮಕ್ಕಳು ಊಹಿಸುವುದು ಕಷ್ಟ. ಉಳುವುದು ಎತ್ತು, ಕಪಿಲೆ ಎಳೆದು ಬಾವಿಯ ನೀರು ಮೇಲೆತ್ತುವುದು ಎತ್ತು, ರಾಗಿ ಒಕ್ಕುವುದು ಎತ್ತು, ಸಂತೆಗೆ ಗಾಡಿ ಹೊಡೆಯುವುದೂ ಎತ್ತು. ಕಾವೇರಿಯ ದಡದ ಕಾಡುಗಳಲ್ಲಿ ಮೇಯ್ದು ಬೆಳೆದ ಆಲಂಬಾಡಿ ತಳಿಗೆ ಧರ್ಮಪುರಿ ಕಡೆಯ ಆಲಂಬಾಡಿ ಎಂಬ ಊರಿನಿಂದಲೇ ಹೆಸರು ಬಂದಿದೆ. ಪಕ್ಕದ ಬರಗೂರು ಬೆಟ್ಟದಲ್ಲಿ ಕನ್ನಡ ಮಾತನಾಡುವ ಲಿಂಗಾಯತ ಮನೆತನಗಳು ಸಾಕಿದ ಕೆಂಪು ಬಣ್ಣದ ಬರಗೂರು ದನಗಳು, ಮೈಸೂರು ಸೀಮೆಯ ಹಳ್ಳಿಕಾರ್ ಹೋರಿಗಳು, ಇವೆಲ್ಲ ಒಂದೇ ಬಳಗದವು. ಒಂದು ಜೊತೆ ಎತ್ತು ಸತ್ತರೆ ಆ ವರ್ಷ ಹೊಲ ಬೀಳು. ಎರಡು ಜೊತೆ ಸತ್ತರೆ ಮನೆ ಸಾಲಕ್ಕೆ.

ಇಂಥ ಸೀಮೆಯ ಮೇಲೆ ಆಗಾಗ ಎರಗುತ್ತಿದ್ದುದು ದೊಡ್ಡರೋಗ. ದನಕ್ಕೆ ಜ್ವರ ಬಂದು, ಕಣ್ಣಲ್ಲಿ ನೀರು ಸುರಿದು, ಬಾಯೊಳಗೆ ಹುಣ್ಣಾಗಿ, ರಕ್ತ ಬೆರೆತ ಭೇದಿ ಹತ್ತಿ, ವಾರ ಹತ್ತು ದಿನದಲ್ಲಿ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಜನ ಮಾರಮ್ಮನಿಗೆ ಹರಕೆ ಹೊತ್ತು ಊರ ಗಡಿ ಕಟ್ಟುತ್ತಿದ್ದರು. ಈ ರೋಗ ಇಲ್ಲಿಯದು ಮಾತ್ರವಲ್ಲ. ಯುರೋಪಿನಲ್ಲಿ ಇದರ ಹಾವಳಿ ತಡೆಯಲಾರದೆ ಇದ್ದಾಗಲೇ ಫ್ರಾನ್ಸಿನ ಲಿಯೋನ್ ನಗರದಲ್ಲಿ 1761ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ಸ್ಥಾಪನೆಯಾಯಿತು. ಮದ್ರಾಸ್ ಸರ್ಕಾರ 1866ರಲ್ಲಿಯೇ ದನಗಳ ರೋಗದ ಕಾಯಿದೆಯೊಂದನ್ನು ತಂದಿತು. ಆದರೆ ಕಾಯಿದೆ ಹಿಡಿದು ಹಳ್ಳಿಗೆ ಹೋಗಲು ಕಲಿತ ಕೈಗಳೇ ಇರಲಿಲ್ಲ.

ಆ ಕೈಗಳು ಸಿದ್ಧವಾದದ್ದು ಮದ್ರಾಸಿನಲ್ಲಿ. 1903ರಲ್ಲಿ ಸೈದಾಪೇಟೆಯಲ್ಲಿ 20 ವಿದ್ಯಾರ್ಥಿಗಳಿಂದ ಆರಂಭವಾದ ಪಶುವೈದ್ಯ ಕಾಲೇಜು ಆಮೇಲೆ ವೇಪೇರಿಗೆ ಬಂತು. ಅಲ್ಲಿ ಪಾಸಾದವರು ತಮ್ಮ ಹೆಸರಿನ ಮುಂದೆ ‘ಜಿ.ಎಂ.ವಿ.ಸಿ.’ ಎಂದು ಬರೆದುಕೊಳ್ಳುತ್ತಿದ್ದರು. 1935ರಲ್ಲಿ ಕಾಲೇಜು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ಭಾರತದಲ್ಲಿಯೇ ಮೊದಲು ಪಶುವೈದ್ಯ ಪದವಿ ಕೊಡುವ ಗೌರವ ಅದಕ್ಕೆ ದೊರೆಯಿತು. ಆದರೂ ಮನೆಯಲ್ಲಿ ಹಿರಿಯರಿಗೆ ಸಮಾಧಾನವಿಲ್ಲ. ಓದಿದ ಹುಡುಗ ವಕೀಲನಾಗಲಿ, ಮನುಷ್ಯರ ಡಾಕ್ಟರಾಗಲಿ ಎಂದು ಆಸೆ. ‘ದನದ ಡಾಕ್ಟರು’ ಎಂಬ ಮಾತಿನಲ್ಲಿ ಸಣ್ಣ ನಗೆಯೊಂದು ಇದ್ದೇ ಇರುತ್ತಿತ್ತು. ಮಡಿ ಮೈಲಿಗೆಯ ಕಾಲದಲ್ಲಿ ಸತ್ತ ದನದ ಹೊಟ್ಟೆ ಕೊಯ್ದು ಪರೀಕ್ಷಿಸುವ ಕೆಲಸವನ್ನು ಮನಸಾರೆ ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಈ ದಾರಿ ತೆರೆದದ್ದು ಬಹಳ ತಡವಾಗಿ. 1952ರಲ್ಲಿ ಇದೇ ಕಾಲೇಜಿನಿಂದ ಪದವಿ ಪಡೆದ ಸಕ್ಕುಬಾಯಿ ರಾಮಚಂದ್ರನ್ ಅವರು ದೇಶದ ಮೊದಲ ಮಹಿಳಾ ಪಶುವೈದ್ಯರೆಂದು ಹೆಸರಾಗಿದ್ದಾರೆ.

ಈ ಭಾಗದವರಿಗೆ ಹೊಸೂರಿನ ಮತ್ತಿಗಿರಿ ಫಾರಂ ಪರಿಚಿತ. ಹೊಸೂರು ಮೊದಲು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಿಂದ ಕೃಷ್ಣಗಿರಿ ಜಿಲ್ಲೆಯದು. ಜಿಲ್ಲೆಯ ಹೆಸರು ಬದಲಾದರೂ ಫಾರಂ ಅಲ್ಲೇ ಇದೆ. 1824ರಲ್ಲಿ ಕಂಪನಿ ಸರ್ಕಾರದ ಸೈನ್ಯಕ್ಕೆ ಕುದುರೆ ಒದಗಿಸಲೆಂದು ಆರಂಭವಾದ ಜಾಗವದು. ಆ ಕಾಲದಲ್ಲಿ ಸರ್ಕಾರದ ಪಶುವೈದ್ಯವೆಂದರೆ ಬಹುಮಟ್ಟಿಗೆ ದಂಡಿನ ಕುದುರೆಗಳ ವೈದ್ಯ. ರೈತನ ಎತ್ತು ಅವರ ಕಣ್ಣಿಗೆ ಬಿದ್ದದ್ದು ಬಹಳ ವರ್ಷಗಳ ನಂತರ. ಇಪ್ಪತ್ತನೆಯ ಶತಮಾನದಲ್ಲಿ ಫಾರಂ ದನಗಳ ತಳಿ ಸಂವರ್ಧನೆಯ ಕೇಂದ್ರವಾಯಿತು. ಅಲ್ಲಿ ಅಧಿಕಾರಿಯಾಗಿದ್ದ ಲಿಟಲ್‌ವುಡ್ ಎಂಬ ಆಂಗ್ಲರು 1936ರಲ್ಲಿ ದಕ್ಷಿಣ ಭಾರತದ ಜಾನುವಾರುಗಳನ್ನು ಕುರಿತು ಪ್ರಕಟಿಸಿದ ಪುಸ್ತಕವನ್ನು ತಳಿಗಳ ಬಗ್ಗೆ ಬರೆಯುವವರು ಇಂದಿಗೂ ತೆರೆದು ನೋಡುತ್ತಾರೆ.

ಇನ್ನು ಹಳ್ಳಿ ಸುತ್ತುವ ಪಶುವೈದ್ಯರ ದಿನಚರಿಯನ್ನು ನೋಡಬೇಕು. ಡೆಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರದಂಥ ಕಡೆ ಒಬ್ಬರ ಪಾಲಿಗೆ ಬೆಟ್ಟ ಕಾಡು ಸೇರಿ ಎಷ್ಟೋ ಹಳ್ಳಿಗಳು. ರಸ್ತೆ ಇರುವವರೆಗೆ ಸೈಕಲ್ಲು ಇಲ್ಲವೇ ಎತ್ತಿನ ಗಾಡಿ, ಆಮೇಲೆ ಕಾಲ್ನಡಿಗೆ. ಜೊತೆಗೆ ಔಷಧದ ಪೆಟ್ಟಿಗೆ ಹೊತ್ತ ಒಬ್ಬ ಸಹಾಯಕ. ರಾತ್ರಿ ಹಸು ಈಯಲಾರದೆ ನರಳುತ್ತಿದೆ ಎಂದು ಕಂದೀಲು ಹಿಡಿದು ಯಾರಾದರೂ ಬಂದರೆ ಎದ್ದು ಹೊರಡಲೇಬೇಕು. ತೋಳಿನವರೆಗೂ ಕೈ ಹಾಕಿ ಕರು ತೆಗೆಯುವುದು, ಕಸ ಬೀಳದ ಹಸುವಿಗೆ ಕಸ ಬಿಡಿಸುವುದು, ಹುಚ್ಚುನಾಯಿ ಕಚ್ಚಿದ ದನದ ಬಾಯಿ ನೋಡುವುದು, ಇವೆಲ್ಲ ವೈದ್ಯನ ಮೈಗೇ ರೋಗ ತರುವ ಕೆಲಸಗಳು. ನೆರಡಿ ಬಂದು ಸತ್ತ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಎತ್ತು ಕಳೆದುಕೊಂಡು ಅಳುತ್ತಿರುವವನಿಗೆ ‘ಚರ್ಮದ ಕಾಸೂ ನಿನಗಿಲ್ಲ’ ಎಂದು ಹೇಳಿ ಒಪ್ಪಿಸುವುದೂ ಡಾಕ್ಟರ ಪಾಲಿನ ಕೆಲಸವೇ.

ಎಲ್ಲಕ್ಕಿಂತ ಕಠಿಣವಾದದ್ದು ಸೂಜಿ ಹಾಕಿಸಿಕೊಳ್ಳಲು ಜನರನ್ನು ಒಪ್ಪಿಸುವುದು. ಮೊದಮೊದಲು ಇದ್ದದ್ದು ರೋಗದಿಂದ ಎದ್ದ ದನದ ರಕ್ತದಿಂದ ತೆಗೆದ ಸೀರಂ. ಅದರ ಬಲ ಕೆಲವೇ ದಿನ. ಪುಣೆಯಲ್ಲಿ 1889ರಲ್ಲಿ ಆರಂಭವಾಗಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಆಡಿನ ಮೂಲಕ ರೋಗಾಣುವನ್ನು ಸಾಗಿಸಿ ಅದರ ಉಗ್ರತೆ ತಗ್ಗಿಸಿದರು. ಅದರಿಂದ ತಯಾರಾದ ಲಸಿಕೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ರಕ್ಷಣೆ. ಆದರೆ ಕೆಲವು ದನಗಳಿಗೆ ಸೂಜಿಯ ನಂತರ ಜ್ವರ ಬಂದು ಮೇವು ಬಿಡುತ್ತಿದ್ದವು. ‘ಆರೋಗ್ಯವಾಗಿದ್ದ ದನಕ್ಕೆ ಡಾಕ್ಟರೇ ರೋಗ ಹತ್ತಿಸಿದ’ ಎಂದು ಸುದ್ದಿ ಹಬ್ಬಲು ಅಷ್ಟು ಸಾಕು. ಡಾಕ್ಟರು ಬರುತ್ತಾರೆಂದು ತಿಳಿದರೆ ಮಂದೆಯನ್ನೇ ಕಾಡಿಗೆ ಹೊಡೆದುಬಿಡುವರು. ಅನುಭವಸ್ಥ ವೈದ್ಯರು ಇದಕ್ಕೆ ಸಿಟ್ಟಾಗುತ್ತಿರಲಿಲ್ಲ. ಊರ ಗೌಡರ ಜಗಲಿಯಲ್ಲಿ ಕುಳಿತು ಮಾತನಾಡಿ ಅವರ ದನಕ್ಕೇ ಮೊದಲು ಸೂಜಿ ಹಾಕುವರು. ಹರಕೆ ಬೇಡವೆಂದು ಹೇಳಿದವರಿಗಿಂತ ‘ಹರಕೆಯೂ ಇರಲಿ, ಸೂಜಿಯೂ ಆಗಲಿ’ ಎಂದವರ ಕೆಲಸ ಬೇಗ ಆಗುತ್ತಿತ್ತು.

ಇಲ್ಲಿ ದೇವಸ್ಥಾನದ ಸಂಬಂಧವೂ ಬರುತ್ತದೆ. ಜಾತ್ರೆಯೆಂದರೆ ತೇರು ಮಾತ್ರವಲ್ಲ, ದನದ ಸಂತೆಯೂ ಹೌದು. ಹತ್ತು ದಿಕ್ಕಿನ ದನ ಒಂದೇ ಕೆರೆಯಲ್ಲಿ ನೀರು ಕುಡಿದು, ಒಂದೇ ತೋಪಿನಲ್ಲಿ ಮಲಗಿ, ರೋಗ ಹತ್ತಿಸಿಕೊಂಡು ಹತ್ತು ಊರಿಗೆ ಹೋಗುತ್ತಿದ್ದವು. ಆದ್ದರಿಂದ ರೋಗದ ಕಾಲದಲ್ಲಿ ಸಂತೆ ನಿಲ್ಲಿಸಿರೆಂದು ಹೇಳುವ ಕಹಿ ಕೆಲಸ ಪಶುವೈದ್ಯರದಾಯಿತು. ರೋಗವಿಲ್ಲದ ಕಾಲದಲ್ಲಿ ಅದೇ ಜಾತ್ರೆ ಅವರಿಗೆ ವರದಾನ. ಬೆಟ್ಟ ಹತ್ತಿ ಹುಡುಕಬೇಕಾದ ದನಗಳೆಲ್ಲ ಒಂದೇ ಬಯಲಿನಲ್ಲಿ ಸಿಗುತ್ತಿದ್ದವು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ದನ ಎಮ್ಮೆಗಳು ದೊಡ್ಡರೋಗಕ್ಕೆ ತುತ್ತಾಗಿ, ಅರ್ಧದಷ್ಟು ಸಾಯುತ್ತಿದ್ದವೆಂದು ಲೆಕ್ಕ. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಯೋಜನೆ ಆರಂಭವಾಯಿತು. ಊರೂರಿಗೆ ತಂಡಗಳು ಹೋದವು, ರಾಜ್ಯಗಳ ಗಡಿಗಳಲ್ಲಿ ತಪಾಸಣೆಯ ಠಾಣೆಗಳು ನಿಂತವು. ಇನ್ನೂ ಸುರಕ್ಷಿತವಾದ ಹೊಸ ಲಸಿಕೆಯನ್ನು ಪ್ಲೋರೈಟ್ ಎಂಬ ಆಂಗ್ಲ ಪಶುವೈದ್ಯರು ಆಫ್ರಿಕಾದಲ್ಲಿ ಕಂಡುಹಿಡಿದರು. ನಲವತ್ತು ವರ್ಷ ಬಿಡದೆ ದುಡಿದ ಫಲವಾಗಿ ಭಾರತದ ಕೊನೆಯ ಪ್ರಕರಣ 1995ರಲ್ಲಿ, ಇದೇ ತಮಿಳುನಾಡಿನಲ್ಲಿ, ದಾಖಲಾಯಿತು. 2006ರಲ್ಲಿ ಭಾರತ ಈ ಸೋಂಕಿನಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ರೋಗ ತೊಲಗಿತೆಂದು ಘೋಷಣೆಯಾಯಿತು. ಮನುಷ್ಯ ಪ್ರಯತ್ನದಿಂದ ಭೂಮಿಯ ಮೇಲಿಂದ ಅಳಿಸಿಹೋದ ರೋಗಗಳು ಎರಡೇ. ಒಂದು ಸಿಡುಬು, ಇನ್ನೊಂದು ಈ ದೊಡ್ಡರೋಗ. ಸಿಡುಬು ಹೋದದ್ದು ಎಲ್ಲರಿಗೂ ಗೊತ್ತು. ದೊಡ್ಡರೋಗ ಹೋದದ್ದು ಎಷ್ಟು ಜನಕ್ಕೆ ಗೊತ್ತು? ಇಲ್ಲವಾದ ರೋಗವನ್ನು ಯಾರೂ ನೆನೆಯುವುದಿಲ್ಲ, ಅದನ್ನು ಇಲ್ಲವಾಗಿಸಿದವರನ್ನೂ ನೆನೆಯುವುದಿಲ್ಲ. ಪಶುವೈದ್ಯರ ಗೆಲುವೇ ಅವರ ಹೆಸರನ್ನು ಮರೆಸಿಬಿಟ್ಟಿತು.

ಅವರ ಕಾಲದಲ್ಲಿಯೇ ಕಸುಬಿನ ರೂಪವೂ ಬದಲಾಯಿತು. 1939ರಲ್ಲಿ ಮೈಸೂರು ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ದೇಶದಲ್ಲಿಯೇ ಮೊದಲ ಬಾರಿ ಕೃತಕ ಗರ್ಭಧಾರಣೆ ಮಾಡಿದರು. ಮುಂದೆ ಅದೇ ವಿಧಾನ ಹಳ್ಳಿಹಳ್ಳಿಗೆ ಬಂದು, ಸೀಮೆ ಹಸುಗಳು ಬಂದು, ಹಾಲಿನ ಸಂಘಗಳು ಬಂದು, ಎಷ್ಟೋ ಬಡ ಮನೆಗಳ ಒಲೆ ಉರಿಯಿತು. ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಟ್ರ್ಯಾಕ್ಟರು, ಪಂಪ್‌ಸೆಟ್ಟು ಬಂದ ಮೇಲೆ ಎತ್ತಿನ ಬೇಡಿಕೆ ಕುಸಿಯಿತು. ಮಿಶ್ರತಳಿ ಹೆಚ್ಚಿದಂತೆ ಆಲಂಬಾಡಿಯಂಥ ತಳಿ ಅಪರೂಪವಾಯಿತು. ಒಂದು ತಲೆಮಾರಿನ ವೈದ್ಯರು ಸಾವಿನಿಂದ ಉಳಿಸಿದ ತಳಿಯನ್ನು ಮುಂದಿನ ತಲೆಮಾರು ಬಳಕೆ ಇಲ್ಲವೆಂದು ಕೈಬಿಟ್ಟಿತು. ಈಗ ಅದನ್ನು ಉಳಿಸಿಕೊಳ್ಳುವ ಪ್ರಯತ್ನವೂ ಪಶುವೈದ್ಯರಿಂದಲೇ ನಡೆದಿದೆ.

ಗುಡಿಯ ಆನೆಯನ್ನು ಪ್ರೀತಿಸುವ ಭಕ್ತರು ಡಾ. ವಿ. ಕೃಷ್ಣಮೂರ್ತಿಯವರ ಹೆಸರನ್ನು ತಿಳಿದಿರಬೇಕು. 1929ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಇವರು ತಮಿಳುನಾಡು ಅರಣ್ಯ ಇಲಾಖೆಯ ಪಶುವೈದ್ಯರಾಗಿ ಮುದುಮಲೆಯ ಆನೆ ಬಿಡಾರಗಳಲ್ಲಿ ಬಾಳು ಸವೆಸಿದರು. ಕಾಡಿನಲ್ಲಿ ಸತ್ತ ಆನೆ ಕೊಳೆತು ನಾರುತ್ತಿದ್ದರೂ ಶವಪರೀಕ್ಷೆ ಮಾಡಿ ಸಾವಿನ ಕಾರಣ ಬರೆದಿಡುತ್ತಿದ್ದರು. ಗುಂಡೇಟಿನ ಗುರುತು ಹೊರಬಿದ್ದದ್ದು ಇಂಥ ಪರೀಕ್ಷೆಗಳಿಂದಲೇ. ಜಯಮೋಹನ್ ಅವರ ‘ಯಾನೈ ಡಾಕ್ಟರ್’ ಎಂಬ ತಮಿಳು ಕಥೆ ಇವರನ್ನು ಕುರಿತದ್ದು. ಇವರು ತೀರಿಕೊಂಡ ಮರುವರ್ಷ, 2003ರಲ್ಲಿ, ದೇವಸ್ಥಾನದ ಆನೆಗಳಿಗೆ ವಿಶ್ರಾಂತಿ ಕೊಡುವ ಶಿಬಿರ ಅದೇ ಮುದುಮಲೆಯ ತೆಪ್ಪಕಾಡಿನಲ್ಲಿ ಆರಂಭವಾಯಿತು.

ಇಂದು ಸ್ಥಿತಿ ಎಷ್ಟೋ ಸುಧಾರಿಸಿದೆ. ಆಗ ಸೇಲಂ ಜಿಲ್ಲೆಯಲ್ಲಿದ್ದ ನಾಮಕ್ಕಲ್‌ನಲ್ಲಿ 1985ರಲ್ಲಿ ಪಶುವೈದ್ಯ ಕಾಲೇಜು ಬಂತು. ಸೇಲಂ ಜಿಲ್ಲೆಯ ತಲೈವಾಸಲ್‌ನಲ್ಲಿ 2021ರಲ್ಲಿ ದೊಡ್ಡ ಸಂಶೋಧನಾ ಕೇಂದ್ರ ತೆರೆಯಿತು. ತರಗತಿಗಳಲ್ಲಿ ಹೆಣ್ಣುಮಕ್ಕಳೂ ಕುಳಿತಿದ್ದಾರೆ. ಆದರೆ ಕಾಲುಬಾಯಿ ಜ್ವರ ಇನ್ನೂ ಹೋಗಿಲ್ಲ, ನೆರಡಿಯೂ ಹೋಗಿಲ್ಲ. 2019ರಲ್ಲಿ ಚರ್ಮಗಂಟು ರೋಗವೆಂಬ ಹೊಸ ಜಾಡ್ಯ ದೇಶದೊಳಗೆ ಬಂತು. ಸೂಜಿ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆ ಎಂದು ಹಿತ್ತಲಿನಲ್ಲಿ ಹಸು ಬಚ್ಚಿಡುವವರು ಈಗಲೂ ಇದ್ದಾರೆ. ಎಂಬತ್ತು ವರ್ಷದ ಹಿಂದೆ ಮಂದೆಯನ್ನು ಕಾಡಿಗೆ ಹೊಡೆದವರಿಗೆ ತಿಳುವಳಿಕೆ ಸಾಲದು ಎನ್ನಬಹುದು. ಇಂದಿನವರು ಆ ಸಬೂಬು ಹೇಳುವಂತಿಲ್ಲ.

ಭಕ್ತ ಮಹಾಜನರೇ, ಬಸವನಿಗೆ ಹಾಕುವ ಹಾರ ಕೊಟ್ಟಿಗೆಯ ದನಕ್ಕೂ ಸಲ್ಲಬೇಕಾದರೆ ಎರಡು ಕೆಲಸ ಆಗಬೇಕು. ಜಾತ್ರೆಗೆ ದನ ತರುವವರು ಕೆಲವು ವಾರ ಮೊದಲೇ ಅವಕ್ಕೆ ಸೂಜಿ ಹಾಕಿಸಿರಬೇಕು. ಉತ್ಸವದ ದಿನ ಊರಿನ ಪಶುವೈದ್ಯರನ್ನೂ, ಅವರ ಸಹಾಯಕರನ್ನೂ ಕರೆದು ದೇವರ ಪ್ರಸಾದ ಕೊಟ್ಟು ಗೌರವಿಸುವ ಪದ್ಧತಿ ಬರಬೇಕು. ದೊಡ್ಡರೋಗದ ಕಾಲವನ್ನು ಕಣ್ಣಾರೆ ಕಂಡ ಅಜ್ಜ ಅಜ್ಜಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಆಗ ಬರುತ್ತಿದ್ದ ಡಾಕ್ಟರು ಯಾರು, ಎಷ್ಟು ದೂರ ನಡೆದು ಬಂದರು ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಮನೆಯ ಮಕ್ಕಳು ಈ ಹಬ್ಬದಲ್ಲೇ ಆರಂಭಿಸಲಿ. ಸ್ವಾಮಿಯ ಕೃಪೆ ಎಲ್ಲರ ಮೇಲೂ, ಎಲ್ಲರ ಮನೆಯ ದನಕರುಗಳ ಮೇಲೂ ಇರಲಿ.